ಹೆಸರಿಡುವ ಅಧಿಕಾರ: ವಿದೇಶಿ ಕ್ಷಿಪ್ರಕ್ರಾಂತಿಗಳ ವರದಿಗಾರಿಕೆಯಲ್ಲಿ ಪಕ್ಷಪಾತದ ಸ್ವರೂಪ

ಚುನಾವಣೆ, ಬರಗಾಲ, ಭೂಕಂಪಗಳಂತಹ ವಿದೇಶಿ ವಿದ್ಯಮಾನಗಳನ್ನು ಪತ್ರಿಕೆಗಳು ಹೊರಗೆ ನಿಂತು ವರದಿ ಮಾಡಬಲ್ಲವು. ಸೇನೆಯ ಕ್ಷಿಪ್ರಕ್ರಾಂತಿಯ ವಿಷಯದಲ್ಲಿ ಆ ಅನುಕೂಲ ಅವುಗಳಿಗಿಲ್ಲ. ಸರ್ಕಾರವನ್ನು ಕೆಡವಲು ಹೊರಟ ಸೇನಾಧಿಕಾರಿಗಳು ರಾಷ್ಟ್ರಾಧ್ಯಕ್ಷರ ನಿವಾಸದಷ್ಟೇ ಆತುರದಿಂದ ವಶಪಡಿಸಿಕೊಳ್ಳುವ ಕಟ್ಟಡವೆಂದರೆ ಬಾನುಲಿ ಅಥವಾ ದೂರದರ್ಶನ ಕೇಂದ್ರ. 1999ರ ಅಕ್ಟೋಬರ್ 12ರ ಸಂಜೆ ಪಾಕಿಸ್ತಾನದ ಸೈನಿಕರು ಇಸ್ಲಾಮಾಬಾದಿನ ಸರ್ಕಾರಿ ದೂರದರ್ಶನ ಕೇಂದ್ರದ ಗೇಟು ಹತ್ತಿ ಒಳನುಗ್ಗಿದ ದೃಶ್ಯವನ್ನು ಜಗತ್ತೇ ಕಂಡಿತು. ಎಡ್ವರ್ಡ್ ಲಟ್ವಾಕ್ ಅವರು 1968ರಲ್ಲಿ ಪ್ರಕಟಿಸಿದ ಕ್ಷಿಪ್ರಕ್ರಾಂತಿಯ ಕೈಪಿಡಿಯಲ್ಲಿ ಸಮೂಹ ಮಾಧ್ಯಮಗಳ ನಿಯಂತ್ರಣವನ್ನು ಕಾರ್ಯಾಚರಣೆಯ ಒಂದು ಅಂಗವಾಗಿಯೇ ಚರ್ಚಿಸಿದ್ದಾರೆ. ಇದಕ್ಕೆ ಕಾರಣ ಸರಳ. ಸಂಚಿನಲ್ಲಿ ನೇರವಾಗಿ ಭಾಗಿಯಾಗುವ ಸೈನಿಕರ ಸಂಖ್ಯೆ ಸಾಮಾನ್ಯವಾಗಿ ಸಣ್ಣದು. ಉಳಿದ ಸೇನೆ, ಅಧಿಕಾರಿವರ್ಗ, ನೆರೆಯ ರಾಷ್ಟ್ರಗಳು ‘ಎಲ್ಲವೂ ಮುಗಿದುಹೋಯಿತು’ ಎಂದು ನಂಬಿದಾಗ ಮಾತ್ರ ಅದು ನಿಜವಾಗಿ ಮುಗಿಯುತ್ತದೆ. ಆದ್ದರಿಂದ ‘ಅಧ್ಯಕ್ಷರು ರಾಜೀನಾಮೆ ನೀಡಿದರು’ ಎಂಬ ಸುದ್ದಿ ನಡೆದುದರ ವಿವರಣೆ ಮಾತ್ರವಾಗಿ ಉಳಿಯುವುದಿಲ್ಲ. ಅದು ನಡೆಯುತ್ತಿರುವುದರ ಒಂದು ಭಾಗವೂ ಆಗಿಬಿಡುತ್ತದೆ.

ಮಾಧ್ಯಮಗಳ ಪಕ್ಷಪಾತವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಸುಳ್ಳು ಸುದ್ದಿ, ಮುಚ್ಚಿಟ್ಟ ಸುದ್ದಿಗಳ ಸುತ್ತಲೇ ತಿರುಗುತ್ತವೆ. ಕ್ಷಿಪ್ರಕ್ರಾಂತಿಗಳ ವರದಿಗಳನ್ನು ವರ್ಷಗಳ ಅಂತರದಿಂದ ಓದಿದಾಗ ಕಾಣುವ ಚಿತ್ರ ಬೇರೆ. ಅಲ್ಲಿ ಅಪ್ಪಟ ಸುಳ್ಳುಗಳಿಗಿಂತ ಹೆಚ್ಚಿನ ಕೆಲಸ ಮಾಡಿರುವುದು ನಾಮಕರಣ. ಒಂದೇ ಬಗೆಯ ಘಟನೆ ಒಂದು ದೇಶದಲ್ಲಿ ‘ಕ್ಷಿಪ್ರಕ್ರಾಂತಿ’, ಮತ್ತೊಂದರಲ್ಲಿ ‘ಅಧಿಕಾರ ಹಸ್ತಾಂತರ’, ಮಗದೊಂದರಲ್ಲಿ ‘ಜನತೆಯ ದಂಗೆ’ ಎನಿಸಿಕೊಳ್ಳುತ್ತದೆ. ಈ ಹೆಸರನ್ನು ಮೊದಲ ಒಂದೆರಡು ದಿನಗಳಲ್ಲಿ ಯಾರು ಇಡುತ್ತಾರೆ, ಅದು ಯಾವ ದಾರಿಯಲ್ಲಿ ಸಾಗಿ ದೂರದ ಭಾಷೆಯೊಂದರ ಪತ್ರಿಕೆಗೆ ಬಂದು ತಲುಪುತ್ತದೆ ಎಂಬುದು ಇಲ್ಲಿನ ವಿಚಾರ.

ಈ ಕ್ಷೇತ್ರದ ಅಧ್ಯಯನಕ್ಕೆ ಬುನಾದಿ ಹಾಕಿದವರು ನಾರ್ವೆಯ ಯೋಹಾನ್ ಗಾಲ್ಟುಂಗ್ ಮತ್ತು ಮಾರಿ ರೂಗೆ. ಕಾಂಗೋ, ಕ್ಯೂಬಾ ಮತ್ತು ಸೈಪ್ರಸ್ ಬಿಕ್ಕಟ್ಟುಗಳನ್ನು ನಾರ್ವೆಯ ನಾಲ್ಕು ಪತ್ರಿಕೆಗಳು ವರದಿ ಮಾಡಿದ ಬಗೆಯನ್ನು ಅವರು 1965ರ ಲೇಖನದಲ್ಲಿ ಪರಿಶೀಲಿಸಿದರು. ಬಲಾಢ್ಯ ರಾಷ್ಟ್ರಗಳಿಗೆ ಸಂಬಂಧಿಸಿದ್ದು, ಗಣ್ಯ ವ್ಯಕ್ತಿಗಳಿಗೆ ಸಂಬಂಧಿಸಿದ್ದು, ಈಗಾಗಲೇ ಮನಸ್ಸಿನಲ್ಲಿರುವ ಚಿತ್ರಕ್ಕೆ ಹೊಂದಿಕೊಳ್ಳುವಂಥದ್ದು ಸುದ್ದಿಯಾಗುವ ಸಾಧ್ಯತೆ ಹೆಚ್ಚು ಎಂಬುದು ಅವರ ವಾದದ ತಿರುಳು. ಲ್ಯಾನ್ಸ್ ಬೆನೆಟ್ ಅವರು 1990ರಲ್ಲಿ ಮಂಡಿಸಿದ ವಿಚಾರ ಇನ್ನೂ ನಿರ್ದಿಷ್ಟವಾದುದು. ನಿಕರಾಗುವಾ ಕುರಿತ ಅಮೆರಿಕದ ನೀತಿಯ ವರದಿಗಳನ್ನು ಆಧರಿಸಿ, ರಾಜಧಾನಿಯ ಅಧಿಕಾರಸ್ಥರ ನಡುವೆ ಎಷ್ಟು ಭಿನ್ನಮತವಿದೆಯೋ ಪತ್ರಿಕೆಗಳಲ್ಲಿಯೂ ಅಷ್ಟೇ ಭಿನ್ನಮತ ಕಾಣಿಸಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ಸ್ವತಂತ್ರ ಪತ್ರಿಕೋದ್ಯಮವುಳ್ಳ ದೇಶದಲ್ಲಿಯೂ ವಿದೇಶಾಂಗ ಸುದ್ದಿಯ ಗಡಿಗಳನ್ನು ಸರ್ಕಾರವೇ ಎಳೆದಂತಾಗುವುದು ಹೀಗೆ. ಇದಕ್ಕೆ ಯಾವ ಸೆನ್ಸಾರ್ ಅಧಿಕಾರಿಯ ಅಗತ್ಯವೂ ಬೀಳುವುದಿಲ್ಲ.

ಇರಾನಿನ ಪ್ರಕರಣ ಇದಕ್ಕೆ ಹಳೆಯ, ಆದರೆ ಇಂದಿಗೂ ಬೋಧಪ್ರದವಾದ ನಿದರ್ಶನ. 1951ರಲ್ಲಿ ಬ್ರಿಟಿಷ್ ಒಡೆತನದ ತೈಲೋದ್ಯಮವನ್ನು ರಾಷ್ಟ್ರೀಕರಣಗೊಳಿಸಿದ ಮೊಹಮ್ಮದ್ ಮೊಸದೆಕ್ ಅವರನ್ನು ‘ಟೈಮ್’ ಪತ್ರಿಕೆ ಆ ವರ್ಷದ ವ್ಯಕ್ತಿಯೆಂದು ಆರಿಸಿತ್ತು. ಪಾಶ್ಚಾತ್ಯ ಪತ್ರಿಕೆಗಳ ಗಮನ ಅವರ ತೈಲನೀತಿಗಿಂತ ಅವರ ಕಣ್ಣೀರು, ಮೂರ್ಛೆ, ಹಾಸಿಗೆಯಲ್ಲಿ ಮಲಗಿಯೇ ರಾಯಭಾರಿಗಳೊಂದಿಗೆ ಮಾತನಾಡುವ ಅಭ್ಯಾಸಗಳ ಮೇಲೆಯೇ ನೆಟ್ಟಿತ್ತು. ಹೀಗೆ ಒಬ್ಬ ಪ್ರಧಾನಿಯನ್ನು ಮೊದಲು ವಿಚಿತ್ರ ವ್ಯಕ್ತಿಯನ್ನಾಗಿಸಿದರೆ, ಅನಂತರ ಆತನ ಪತನ ಸಹಜವೆಂದು ತೋರುವುದು ಕಷ್ಟವಲ್ಲ. 1953ರ ಆಗಸ್ಟ್ ಮಧ್ಯಭಾಗದಲ್ಲಿ ಮೊದಲ ಯತ್ನ ವಿಫಲವಾಗಿ ಷಾ ದೇಶ ಬಿಟ್ಟು ಓಡಿದಾಗ, ಮೊಸದೆಕ್‌ರನ್ನು ವಜಾ ಮಾಡಿದ ರಾಜಾಜ್ಞೆಯೊಂದಿದೆ ಎಂಬ ಸಂಗತಿಯನ್ನು ಲೋಕಕ್ಕೆ ತಿಳಿಸುವುದು ಸಂಚುಗಾರರ ತುರ್ತು ಅಗತ್ಯವಾಯಿತು. ಟೆಹರಾನಿನಲ್ಲಿದ್ದ ‘ನ್ಯೂಯಾರ್ಕ್ ಟೈಮ್ಸ್’ ಬಾತ್ಮೀದಾರ ಕೆನೆಟ್ ಲವ್ ಮತ್ತು ಅಸೋಸಿಯೇಟೆಡ್ ಪ್ರೆಸ್ಸಿನ ಬಾತ್ಮೀದಾರರನ್ನು ಜನರಲ್ ಜಾಹೆದಿಯ ಮಗನ ಬಳಿಗೆ ಕರೆದೊಯ್ದು ಆ ಆಜ್ಞೆಯ ಪ್ರತಿಯನ್ನು ತೋರಿಸಲಾಯಿತು. ಅದರ ಪ್ರಸಾರದಲ್ಲಿ ತಾನು ವಹಿಸಿದ ಪಾತ್ರವನ್ನು ಲವ್ ಮುಂದೆ ಸ್ವತಃ ಬರೆದಿಟ್ಟರು. ಅಲ್ಲಿ ವರದಿಯಾದ ವಾಕ್ಯಗಳಲ್ಲಿ ಬಹುಪಾಲು ಸುಳ್ಳಲ್ಲ. ರಾಜಾಜ್ಞೆ ನಿಜವಾಗಿಯೂ ಇತ್ತು. ಆದರೆ ಅದನ್ನು ಬರೆಸಿದವರು ಯಾರು, ಬೀದಿಗೆ ಬಂದ ಗುಂಪುಗಳಿಗೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಗಳು ವರದಿಯ ಚೌಕಟ್ಟಿನ ಹೊರಗೇ ಉಳಿದವು. ಆಗಸ್ಟ್ 19ರ ಘಟನೆಯನ್ನು ಷಾ ಆಡಳಿತವು ಮುಂದಿನ ಕಾಲು ಶತಮಾನ ‘ರಾಷ್ಟ್ರೀಯ ಬಂಡಾಯ’ವೆಂದು ಆಚರಿಸಿತು. ಸಿ.ಐ.ಎ.ಗಾಗಿ ಡೊನಾಲ್ಡ್ ವಿಲ್ಬರ್ 1954ರಲ್ಲಿ ಬರೆದ ಗುಪ್ತ ಇತಿಹಾಸವನ್ನು 2000ದಲ್ಲಿ ಪ್ರಕಟಿಸಿದ್ದು ಅದೇ ‘ನ್ಯೂಯಾರ್ಕ್ ಟೈಮ್ಸ್’. ಸಿ.ಐ.ಎ. ತನ್ನ ಪಾತ್ರವನ್ನು ಒಪ್ಪಿಕೊಂಡ ದಾಖಲೆ ಬಿಡುಗಡೆಯಾದದ್ದು 2013ರಲ್ಲಿ, ಅಂದರೆ ಅರವತ್ತು ವರ್ಷಗಳ ತರುವಾಯ.

ಮರುವರ್ಷ ಗ್ವಾಟೆಮಾಲಾದಲ್ಲಿ ನಡೆದದ್ದು ಇದಕ್ಕಿಂತ ಒರಟಾದ ವಿಧಾನ. ಭೂಸುಧಾರಣೆಯಿಂದ ತನ್ನ ಪಾಳುಭೂಮಿಯನ್ನು ಕಳೆದುಕೊಂಡ ಯುನೈಟೆಡ್ ಫ್ರೂಟ್ ಕಂಪನಿ, ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್ ಮೂಲಕ ಅಮೆರಿಕದ ಪತ್ರಕರ್ತರಿಗೆ ಆ ದೇಶದ ಪ್ರವಾಸಗಳನ್ನು ಏರ್ಪಡಿಸಿತು. ‘ನ್ಯೂಯಾರ್ಕ್ ಟೈಮ್ಸ್’ ಬಾತ್ಮೀದಾರ ಸಿಡ್ನಿ ಗ್ರೂಸನ್ ಅವರ ವರದಿಗಳು ಹಿಡಿಸದೆ ಸಿ.ಐ.ಎ. ನಿರ್ದೇಶಕ ಅಲೆನ್ ಡಲ್ಲೆಸ್ ಪತ್ರಿಕೆಯ ಪ್ರಕಾಶಕರಿಗೆ ಮಾತು ಮುಟ್ಟಿಸಿದರು. ನಿರ್ಣಾಯಕ ದಿನಗಳಲ್ಲಿ ಗ್ರೂಸನ್ ಮೆಕ್ಸಿಕೋ ನಗರದಲ್ಲೇ ಉಳಿಯಬೇಕಾಯಿತು. ಕಾಡಿನೊಳಗಿಂದ ಮಾತನಾಡುತ್ತಿರುವುದಾಗಿ ಹೇಳಿಕೊಂಡ ‘ವಿಮೋಚನೆಯ ಧ್ವನಿ’ ಎಂಬ ಬಾನುಲಿ ದೇಶದ ಹೊರಗಿನಿಂದ ಪ್ರಸಾರವಾಗುತ್ತಿತ್ತು. ಐನೂರಕ್ಕೂ ಕಡಿಮೆ ಜನರಿದ್ದ ಕಾಸ್ಟಿಲ್ಯೊ ಆರ್ಮಾಸನ ಪಡೆ ಆ ಬಾನುಲಿಯಲ್ಲಿ ಮಹಾಸೈನ್ಯವಾಯಿತು. 1954ರ ಜೂನ್ 27ರಂದು ಅಧ್ಯಕ್ಷ ಆರ್ಬೆಂಜ್ ಅಧಿಕಾರ ತ್ಯಜಿಸಿದರು. ಚಿಲಿಯಲ್ಲಿ ‘ಎಲ್ ಮೆರ್ಕೂರಿಯೊ’ ಪತ್ರಿಕೆಗೆ 1971 ಮತ್ತು 1972ರಲ್ಲಿ 15 ಲಕ್ಷ ಡಾಲರಿಗೂ ಹೆಚ್ಚಿನ ಗುಪ್ತ ನೆರವು ಸಂದಿತ್ತೆಂಬುದು ಅಮೆರಿಕದ ಸೆನೆಟ್ಟಿನ ಚರ್ಚ್ ಸಮಿತಿಯ 1975ರ ವರದಿಯಿಂದಲೇ ಸ್ಥಿರಪಟ್ಟಿದೆ. ಇವುಗಳನ್ನು ಗುಪ್ತಚರ ಸಂಸ್ಥೆಯ ಕೈವಾಡವೆಂದು ಪ್ರತ್ಯೇಕವಾಗಿಡಬಹುದು. ಹಣವಾಗಲಿ ಬೆದರಿಕೆಯಾಗಲಿ ಕೆಲಸ ಮಾಡದ ಕಡೆ, ಪ್ರತಿಷ್ಠಿತ ಪತ್ರಿಕೆಗಳು ಸ್ವಇಚ್ಛೆಯಿಂದಲೇ ಎಡವಿದ ಪ್ರಸಂಗವೇ ಸಂಶೋಧಕರಿಗೆ ಹೆಚ್ಚು ಮುಖ್ಯ. ಅಂತಹ ಪ್ರಸಂಗ 2002ರ ವೆನೆಜುವೆಲಾದ್ದು.

ಕಾರಕಾಸ್, 2002ರ ಏಪ್ರಿಲ್

ಸರ್ಕಾರಿ ತೈಲ ಕಂಪನಿಯ ಆಡಳಿತ ಮಂಡಳಿಯನ್ನು ಕುರಿತ ವಿವಾದದಿಂದ ಹುಟ್ಟಿಕೊಂಡ ಸಾರ್ವತ್ರಿಕ ಮುಷ್ಕರ ಏಪ್ರಿಲ್ 11ರಂದು ಬೃಹತ್ ಮೆರವಣಿಗೆಯ ರೂಪ ತಾಳಿತು. ಮೆರವಣಿಗೆಯನ್ನು ಮಾರ್ಗಮಧ್ಯದಲ್ಲಿ ಅಧ್ಯಕ್ಷರ ಅರಮನೆಯಾದ ಮಿರಾಫ್ಲೋರೆಸ್ ಕಡೆಗೆ ತಿರುಗಿಸಲಾಯಿತು. ಅಲ್ಲಿ ಊಗೊ ಚಾವೆಜ್ ಅವರ ಬೆಂಬಲಿಗರು ಮೊದಲೇ ನೆರೆದಿದ್ದರು. ಗುಂಡು ಹಾರಿತು, ಎರಡೂ ಪಕ್ಷಗಳಿಗೆ ಸೇರಿದ 19 ಮಂದಿ ಸತ್ತರು. ಅಂದು ಸಂಜೆಯಿಂದ ಖಾಸಗಿ ದೂರದರ್ಶನ ವಾಹಿನಿಗಳು ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದವು: ಲ್ಯಾಗುನೊ ಸೇತುವೆಯ ಮೇಲೆ ನಿಂತ ಚಾವೆಜ್ ಬೆಂಬಲಿಗರು ಪಿಸ್ತೂಲುಗಳಿಂದ ಕೆಳಕ್ಕೆ ಗುಂಡು ಹಾರಿಸುತ್ತಿರುವುದು. ನಿರಾಯುಧ ಮೆರವಣಿಗೆಯ ಮೇಲೆ ಗುಂಡಿನ ದಾಳಿ ಎಂಬ ವಿವರಣೆಯನ್ನು ಆ ದೃಶ್ಯಕ್ಕೆ ಜೋಡಿಸಲಾಗಿತ್ತು. ಸೇತುವೆಯ ಕೆಳಗಿನ ರಸ್ತೆಯಲ್ಲಿ ಯಾರಿದ್ದರು ಎಂಬುದು ಆ ಚಿತ್ರದ ಚೌಕಟ್ಟಿನಲ್ಲಿ ಇರಲಿಲ್ಲ. ಆ ಹೊತ್ತಿಗೆ ಅಲ್ಲಿ ವಿರೋಧಿ ಮೆರವಣಿಗೆಯೇ ಇರಲಿಲ್ಲವೆಂದೂ ಬೆಂಬಲಿಗರು ನಗರ ಪೊಲೀಸರೊಂದಿಗೆ ಗುಂಡಿನ ಚಕಮಕಿಯಲ್ಲಿ ತೊಡಗಿದ್ದರೆಂದೂ ವಾದಿಸುವ ಸಾಕ್ಷ್ಯಚಿತ್ರಗಳು ಅನಂತರ ಬಂದವು. ಸಾವುಗಳ ಹೊಣೆ ಯಾರದೆಂಬ ವಿವಾದ ಅಲ್ಲಿಗೆ ಮುಗಿಯಲಿಲ್ಲ. ಆದರೆ ಸೇನಾಧಿಕಾರಿಗಳು ದೂರದರ್ಶನದಲ್ಲಿ ಕಾಣಿಸಿಕೊಂಡು ಅಧ್ಯಕ್ಷರಿಗೆ ತೋರಿದ ಅವಿಧೇಯತೆಗೆ ಸಮರ್ಥನೆ ಒದಗಿಸಿದ್ದು ಆ ಕೆಲವು ಸೆಕೆಂಡುಗಳ ಚಿತ್ರ.

ಏಪ್ರಿಲ್ 12ರ ಬೆಳಗಿನ ಜಾವ ಜನರಲ್ ಲುಕಾಸ್ ರಿಂಕೋನ್ ದೂರದರ್ಶನದಲ್ಲಿ, ಅಧ್ಯಕ್ಷರ ರಾಜೀನಾಮೆಯನ್ನು ಕೇಳಲಾಯಿತು, ಅವರು ಒಪ್ಪಿದರು ಎಂದು ಪ್ರಕಟಿಸಿದರು. ಸಹಿ ಹಾಕಿದ ಪತ್ರವನ್ನು ಯಾರೂ ತೋರಿಸಲಿಲ್ಲ. ಸರ್ಕಾರಿ ವಾಹಿನಿಯ ಪ್ರಸಾರ ಹಿಂದಿನ ರಾತ್ರಿಯೇ ನಿಂತುಹೋಗಿತ್ತು. ಬೆಳಗಿನ ಖಾಸಗಿ ಕಾರ್ಯಕ್ರಮವೊಂದರಲ್ಲಿ ಅತಿಥಿಗಳು ಕಾರ್ಯಾಚರಣೆ ಹೇಗೆ ನಡೆಯಿತೆಂಬುದನ್ನು ಹರ್ಷದಿಂದ ವಿವರಿಸುತ್ತ ವಾಹಿನಿಗಳ ಸಹಕಾರಕ್ಕೆ ಧನ್ಯವಾದ ಹೇಳಿದರು. ವಾಣಿಜ್ಯೋದ್ಯಮಿಗಳ ಒಕ್ಕೂಟದ ಮುಖ್ಯಸ್ಥ ಪೆದ್ರೊ ಕಾರ್ಮೊನ ಅಂದೇ ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿ, ಒಂದೇ ಆದೇಶದಿಂದ ರಾಷ್ಟ್ರೀಯ ಸಭೆಯನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ವಿಸರ್ಜಿಸಿದರು. ಅಂದು ಅಟಾರ್ನಿ ಜನರಲ್ ಇಸಾಯಿಯಾಸ್ ರೊಡ್ರಿಗೆಸ್ ತಮ್ಮ ರಾಜೀನಾಮೆಯನ್ನು ಪ್ರಕಟಿಸುವುದಾಗಿ ವಾಹಿನಿಗಳನ್ನು ಕರೆಸಿಕೊಂಡರು. ನೇರ ಪ್ರಸಾರ ಆರಂಭವಾದೊಡನೆ, ಚಾವೆಜ್ ರಾಜೀನಾಮೆ ನೀಡಿಲ್ಲ, ನಡೆದಿರುವುದು ಕ್ಷಿಪ್ರಕ್ರಾಂತಿ ಎಂದು ಸಾರಿಬಿಟ್ಟರು. ವಾಹಿನಿಗಳು ಪ್ರಸಾರವನ್ನು ನಡುವೆಯೇ ಕತ್ತರಿಸಿದವು. ಸತ್ಯ ಹೇಳಲು ಒಬ್ಬ ಸಾಂವಿಧಾನಿಕ ಅಧಿಕಾರಿ ಉಪಾಯ ಹೂಡಬೇಕಾದ ಈ ಪ್ರಸಂಗ ಇಡೀ ಎರಡು ದಿನಗಳ ಸುದ್ದಿವ್ಯವಸ್ಥೆಯ ಸ್ವರೂಪವನ್ನು ತೋರಿಸುತ್ತದೆ.

ವಾಷಿಂಗ್ಟನ್ನಿನಲ್ಲಿ ಶ್ವೇತಭವನದ ವಕ್ತಾರರು ಬಿಕ್ಕಟ್ಟಿಗೆ ಚಾವೆಜ್ ಸರ್ಕಾರದ ನಡೆಗಳೇ ಕಾರಣವೆಂದೂ ಅವರು ರಾಜೀನಾಮೆ ನೀಡಿದ್ದಾರೆಂದೂ ಹೇಳಿದರು. ಅದೇ ದಿನ ಕೋಸ್ಟರಿಕದಲ್ಲಿ ಸಭೆ ಸೇರಿದ್ದ ಲ್ಯಾಟಿನ್ ಅಮೆರಿಕದ ರಿಯೊ ಗುಂಪಿನ ರಾಷ್ಟ್ರಗಳು ಸಾಂವಿಧಾನಿಕ ವ್ಯವಸ್ಥೆಗೆ ಭಂಗ ಬಂದಿದೆಯೆಂದು ಖಂಡಿಸಿದ್ದವು. ಎರಡೂ ಹೇಳಿಕೆಗಳು ಪತ್ರಕರ್ತರ ಮುಂದಿದ್ದವು. ಏಪ್ರಿಲ್ 13ರ ‘ನ್ಯೂಯಾರ್ಕ್ ಟೈಮ್ಸ್’ ಸಂಪಾದಕೀಯವು ಮೊದಲನೆಯದನ್ನು ಆರಿಸಿಕೊಂಡಿತು. ಚಾವೆಜ್ ‘ರಾಜೀನಾಮೆ’ಯಿಂದ ಅಲ್ಲಿನ ಪ್ರಜಾಪ್ರಭುತ್ವಕ್ಕಿದ್ದ ಅಪಾಯ ತಪ್ಪಿತೆಂದೂ, ಸೇನೆ ಮಧ್ಯೆ ಪ್ರವೇಶಿಸಿ ಗೌರವಾನ್ವಿತ ಉದ್ಯಮಿಯೊಬ್ಬರಿಗೆ ಅಧಿಕಾರ ವಹಿಸಿತೆಂದೂ ಅದು ಬರೆಯಿತು. ಚುನಾಯಿತ ಅಧ್ಯಕ್ಷ ಸರ್ವಾಧಿಕಾರಿಯಾಗಬಯಸುವವನೆಂದೂ, ಸಂಸತ್ತನ್ನು ವಿಸರ್ಜಿಸಿದಾತ ಗೌರವಾನ್ವಿತನೆಂದೂ ಒಂದೇ ಬರಹದಲ್ಲಿ ಹೇಳಲು ಸಾಧ್ಯವಾದದ್ದು ಹೇಗೆ? ದ್ವೇಷ ಇದಕ್ಕೆ ಪೂರ್ಣ ಉತ್ತರವಲ್ಲ. ಕಾರಕಾಸಿನಿಂದ ಬರುತ್ತಿದ್ದ ಚಿತ್ರಗಳು ಖಾಸಗಿ ವಾಹಿನಿಗಳವು. ಬಾತ್ಮೀದಾರರಿಗೆ ಇಂಗ್ಲಿಷಿನಲ್ಲಿ ಮಾತನಾಡಿ ವಿವರಿಸಬಲ್ಲವರು ಪೂರ್ವಭಾಗದ ಶ್ರೀಮಂತ ಬಡಾವಣೆಗಳವರು. ಪಶ್ಚಿಮದ ಬೆಟ್ಟದ ಇಳಿಜಾರುಗಳ ಕೊಳೆಗೇರಿಗಳಿಂದ ಏಪ್ರಿಲ್ 13ರಂದು ಜನ ಕೆಳಗಿಳಿದು ಅರಮನೆಯನ್ನು ಸುತ್ತುವರಿದಾಗ ಆ ಸುದ್ದಿಗೆ ಹೋಗಲು ದಾರಿಯೇ ಇರಲಿಲ್ಲ. ಖಾಸಗಿ ವಾಹಿನಿಗಳು ಆ ಹೊತ್ತಿನಲ್ಲಿ ಹಾಲಿವುಡ್ ಚಿತ್ರಗಳನ್ನೂ ವ್ಯಂಗ್ಯಚಿತ್ರಮಾಲಿಕೆಗಳನ್ನೂ ಪ್ರಸಾರ ಮಾಡುತ್ತಿದ್ದವು. ಆರ್‌ಸಿಟಿವಿಯ ಸುದ್ದಿ ವಿಭಾಗದಲ್ಲಿದ್ದ ಆಂದ್ರೆಸ್ ಇಸಾರ ಈ ಮೌನದ ಆಜ್ಞೆಯನ್ನು ಒಪ್ಪದೆ ರಾಜೀನಾಮೆ ನೀಡಿದರು. ಆ ದಿನಗಳ ನಿಜವಾದ ರಾಜೀನಾಮೆಗಳಲ್ಲಿ ಅದೊಂದು.

ಅರಮನೆಯ ಕಾವಲುಪಡೆ ಕಾರ್ಮೊನ ಸರ್ಕಾರವನ್ನು ಹೊರಗಟ್ಟಿತು. ಏಪ್ರಿಲ್ 14ರ ನಸುಕಿನಲ್ಲಿ ಚಾವೆಜ್ ಮರಳಿ ಬಂದರು. ಏಪ್ರಿಲ್ 16ರಂದು ‘ನ್ಯೂಯಾರ್ಕ್ ಟೈಮ್ಸ್’ ಮತ್ತೊಂದು ಸಂಪಾದಕೀಯ ಬರೆದು, ಅವರನ್ನು ಕೆಳಗಿಳಿಸಿದ ರೀತಿಯು ಪ್ರಜಾಪ್ರಭುತ್ವಕ್ಕೆ ವಿರುದ್ಧವಾದದ್ದೆಂಬುದನ್ನು ತಾನು ಕಡೆಗಣಿಸಿದ್ದಾಗಿ ಒಪ್ಪಿಕೊಂಡಿತು. ಮೂರೇ ದಿನಗಳಲ್ಲಿ ಬಂದ ಈ ತಿದ್ದುಪಡಿ ಶ್ಲಾಘನೀಯವೇ. ಆದರೆ ಸಂಚು ಯಶಸ್ವಿಯಾಗಿದ್ದರೆ ಅದು ಬರುತ್ತಿತ್ತೇ ಎಂಬ ಸಂದೇಹಕ್ಕೆ ಟೆಹರಾನ್ ಮತ್ತು ಗ್ವಾಟೆಮಾಲಾಗಳ ಉದಾಹರಣೆ ಎಡೆಮಾಡಿಕೊಡುತ್ತದೆ. ವಿಫಲವಾದ ಸಂಚಿಗೆ ಮಾತ್ರ ಅದರ ನಿಜವಾದ ಹೆಸರು ಬೇಗನೆ ದೊರೆಯುತ್ತದೆ.

ಇಷ್ಟಕ್ಕೆ ನಿಲ್ಲಿಸಿದರೆ ಚಿತ್ರ ಏಕಪಕ್ಷೀಯವಾಗುತ್ತದೆ. ಘಟನೆಯ ವೇಳೆ ಅರಮನೆಯೊಳಗೇ ಇದ್ದ ಐರಿಷ್ ತಂಡವೊಂದು ತಯಾರಿಸಿದ, 2003ರಲ್ಲಿ ತೆರೆಕಂಡ ಸಾಕ್ಷ್ಯಚಿತ್ರ ಖಾಸಗಿ ವಾಹಿನಿಗಳ ವರ್ತನೆಯನ್ನು ಬಯಲಿಗೆಳೆದು ಹೆಸರು ಗಳಿಸಿತು. ಅದೇ ಚಿತ್ರ ದೃಶ್ಯಗಳ ಅನುಕ್ರಮವನ್ನು ತನಗೆ ಬೇಕಾದಂತೆ ಜೋಡಿಸಿದೆ ಎಂದು ವಾದಿಸುವ ಪ್ರತಿಚಿತ್ರವೂ ಬಂದಿತು. 2007ರ ಮೇ ತಿಂಗಳಲ್ಲಿ ಆರ್‌ಸಿಟಿವಿಯ ಪರವಾನಗಿಯನ್ನು ನವೀಕರಿಸದೆ ಸರ್ಕಾರ ಅದನ್ನು ಮುಕ್ತ ಪ್ರಸಾರದಿಂದ ಹೊರಗಿಟ್ಟಾಗ 2002ರ ವರ್ತನೆಯೇ ಸಮರ್ಥನೆಯಾಯಿತು. ಪಕ್ಷಪಾತದ ಆರೋಪ ಆಳುವವರ ಕೈಯಲ್ಲಿ ಆಯುಧವಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ. ಇನ್ನೂ ಒಂದು ಮಾತಿದೆ. ಚಾವೆಜ್ ಅವರೇ 1992ರ ಫೆಬ್ರುವರಿ 4ರಂದು ಚುನಾಯಿತ ಸರ್ಕಾರವೊಂದರ ವಿರುದ್ಧ ವಿಫಲ ಸೇನಾ ದಂಗೆಯ ನೇತೃತ್ವ ವಹಿಸಿದ್ದವರು. ಅವರ ಆಡಳಿತ ಆ ದಿನವನ್ನು ರಾಷ್ಟ್ರೀಯ ಘನತೆಯ ದಿನವೆಂದು ಆಚರಿಸಿತು. ಪ್ರಾಗ್ ನಗರದಲ್ಲಿ 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದುದನ್ನು ಅಲ್ಲಿನ ಅಧಿಕೃತ ಇತಿಹಾಸ ‘ವಿಜಯೀ ಫೆಬ್ರುವರಿ’ ಎಂದು ಕರೆಯಿತು. ನಾಮಕರಣದ ಆಟವನ್ನು ಬಲಪಂಥ ಮಾತ್ರ ಆಡಿತೆಂದು ಭಾವಿಸುವ ವಿಮರ್ಶೆ ತಾನೇ ಅದರ ಒಳಗಾಗುತ್ತದೆ. ಪೋರ್ಚುಗಲ್‌ನ 1974ರ ಏಪ್ರಿಲ್ 25ರ ಘಟನೆಯಂತೂ ಸಂಶೋಧಕರನ್ನು ಗೊಂದಲಕ್ಕೀಡುಮಾಡುವಂಥದ್ದು. ರಚನೆಯ ದೃಷ್ಟಿಯಿಂದ ಅದು ಕಿರಿಯ ಸೇನಾಧಿಕಾರಿಗಳ ಕ್ಷಿಪ್ರಕ್ರಾಂತಿಯೇ. ಆದರೆ ಅದು ಕೆಡವಿದ್ದು ನಾಲ್ಕು ದಶಕಗಳ ಸರ್ವಾಧಿಕಾರವನ್ನು, ಮರುವರ್ಷ ತಂದದ್ದು ಮುಕ್ತ ಚುನಾವಣೆಯನ್ನು. ಅದನ್ನು ಕ್ರಾಂತಿಯೆಂದು ಕರೆದವರ ಮಾತು ತಪ್ಪೆನ್ನಲಾಗದು.

ಪದದ ಬೆಲೆ

2013ರ ಜುಲೈ 3ರಂದು ಈಜಿಪ್ಟಿನ ಸೇನಾ ಮುಖ್ಯಸ್ಥ ಅಬ್ದೆಲ್ ಫತಾ ಅಲ್ ಸಿಸಿ, ಒಂದು ವರ್ಷದ ಹಿಂದೆ ಚುನಾಯಿತರಾಗಿದ್ದ ಮೊಹಮ್ಮದ್ ಮೊರ್ಸಿ ಅವರನ್ನು ಅಧ್ಯಕ್ಷ ಪದವಿಯಿಂದ ತೆಗೆದುಹಾಕಿದುದನ್ನು ಪ್ರಕಟಿಸಿದ ಬೆನ್ನಲ್ಲೇ ಇಸ್ಲಾಮೀ ಪಕ್ಷಗಳ ಪರವಾದ ವಾಹಿನಿಗಳ ಪರದೆಗಳು ಕಪ್ಪಾದವು. ಆದರೆ ಕೈರೋದ ಬೀದಿಗಳಲ್ಲಿ ಮೊರ್ಸಿ ವಿರುದ್ಧ ಲಕ್ಷಾಂತರ ಜನ ಸೇರಿದ್ದರೆಂಬುದೂ ನಿಜ. ಕ್ಷಿಪ್ರಕ್ರಾಂತಿ ಎಂಬ ಪದ ಬಳಸಿದ ವಿದೇಶಿ ವಾಹಿನಿಗಳ ಮೇಲೆ ಆ ಪ್ರತಿಭಟನಕಾರರು ಸಿಟ್ಟಾದರು. ತಮ್ಮದು ಕ್ರಾಂತಿಯೆಂಬುದು ಅವರ ನಿಲುವು. ಈ ಪದಕ್ಕೆ ಅಮೆರಿಕದಲ್ಲಿ ಕಾನೂನಿನ ಬೆಲೆಯೂ ಇದೆ. ಚುನಾಯಿತ ಸರ್ಕಾರವನ್ನು ಸೇನೆ ಉರುಳಿಸಿದ ದೇಶಕ್ಕೆ ನೆರವು ನಿಲ್ಲಿಸಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಈಜಿಪ್ಟಿಗೆ ಸಲ್ಲುತ್ತಿದ್ದ ಸೇನಾ ನೆರವು ವರ್ಷಕ್ಕೆ 130 ಕೋಟಿ ಡಾಲರು. ನಡೆದದ್ದು ಕ್ಷಿಪ್ರಕ್ರಾಂತಿಯೋ ಅಲ್ಲವೋ ಎಂಬುದನ್ನು ತಾನು ನಿರ್ಧರಿಸಲೇಬೇಕೆಂಬ ನಿಯಮವಿಲ್ಲ ಎಂದು ಅಮೆರಿಕದ ವಿದೇಶಾಂಗ ಇಲಾಖೆ ಆ ಜುಲೈನಲ್ಲೇ ತಿಳಿಸಿತು. ಆಗಸ್ಟ್ 1ರಂದು ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರಿ ಸೇನೆಯು ಪ್ರಜಾಪ್ರಭುತ್ವವನ್ನು ಮರುಸ್ಥಾಪಿಸುತ್ತಿದೆ ಎಂದರು. ಎರಡೇ ವಾರಗಳಲ್ಲಿ, ಆಗಸ್ಟ್ 14ರಂದು, ರಾಬಾ ಚೌಕದಲ್ಲಿ ಕನಿಷ್ಠ 817 ಮಂದಿ ಕೊಲ್ಲಲ್ಪಟ್ಟರೆಂದು ಹ್ಯೂಮನ್ ರೈಟ್ಸ್ ವಾಚ್ ದಾಖಲಿಸಿದೆ. ಅದೇ ಕಾನೂನಿನ ನೆರಳು 2023ರ ನೈಜರ್ ಪ್ರಕರಣದಲ್ಲೂ ಬಿತ್ತು. ಜುಲೈ 26ರಂದು ಅಧ್ಯಕ್ಷ ಬಜೂಮ್ ಬಂಧಿತರಾದರು. ಅದನ್ನು ವಿಧ್ಯುಕ್ತವಾಗಿ ಕ್ಷಿಪ್ರಕ್ರಾಂತಿಯೆಂದು ಅಮೆರಿಕ ಕರೆದದ್ದು ಅಕ್ಟೋಬರ್ 10ರಂದು. ಅಷ್ಟರಲ್ಲಿ ಹೊಸ ಆಡಳಿತಗಾರರು ಫ್ರಾನ್ಸಿನ ಅಂತರರಾಷ್ಟ್ರೀಯ ಬಾನುಲಿ ಮತ್ತು ದೂರದರ್ಶನ ವಾಹಿನಿಗಳನ್ನು ತಮ್ಮ ದೇಶದಲ್ಲಿ ನಿಲ್ಲಿಸಿಯಾಗಿತ್ತು.

ಸೇನಾಧಿಕಾರಿಗಳಿಗೂ ಪದದ ಭಯವಿದೆ. 2017ರ ನವೆಂಬರ್ 15ರ ಬೆಳಗಿನ ಜಾವ ಜಿಂಬಾಬ್ವೆಯ ದೂರದರ್ಶನದಲ್ಲಿ ಸಮವಸ್ತ್ರ ಧರಿಸಿ ಕುಳಿತ ಮೇಜರ್ ಜನರಲ್ ಸಿಬುಸಿಸೊ ಮೊಯೊ, ಇದು ಸೇನೆ ಅಧಿಕಾರ ವಹಿಸಿಕೊಳ್ಳುವುದಲ್ಲ, ಅಧ್ಯಕ್ಷರ ಸುತ್ತಲಿನ ಅಪರಾಧಿಗಳ ವಿರುದ್ಧದ ಕ್ರಮ ಮಾತ್ರ ಎಂದು ಓದಿದರು. ಆರು ದಿನಗಳಲ್ಲಿ ಮುಗಾಬೆ ಅಧಿಕಾರ ಬಿಟ್ಟರು. ಮ್ಯಾನ್ಮಾರಿನ ಸೇನೆ 2021ರ ಫೆಬ್ರುವರಿ 1ರಂದು ಅಧಿಕಾರ ಹಿಡಿದ ಬಳಿಕ ಪತ್ರಿಕೆಗಳು ತನ್ನ ಆಡಳಿತವನ್ನು ಕ್ಷಿಪ್ರಕ್ರಾಂತಿಯ ಸರ್ಕಾರವೆಂದು ಬರೆಯಕೂಡದೆಂದು ಎಚ್ಚರಿಸಿತು. ಮಾರ್ಚ್ ತಿಂಗಳಲ್ಲಿ ಐದು ಸ್ವತಂತ್ರ ಸುದ್ದಿಸಂಸ್ಥೆಗಳ ಪರವಾನಗಿಯನ್ನು ರದ್ದುಪಡಿಸಿತು. ಪಾಕಿಸ್ತಾನದಲ್ಲಿ 1977ರ ಜಿಯಾ ಅವರ ಕಾರ್ಯಾಚರಣೆಗೆ ಇಟ್ಟ ಗುಪ್ತನಾಮವೇ ನ್ಯಾಯಯುತ ಆಟ ಎಂಬರ್ಥದ್ದು. 90 ದಿನಗಳಲ್ಲಿ ಚುನಾವಣೆ ಎಂಬ ಅಂದಿನ ಭರವಸೆ ತಲೆಬರಹವಾಗಿ ಮೆರೆಯಿತು, ನೆರವೇರಲಿಲ್ಲ. 1999ರಲ್ಲಿ ಮುಷರಫ್ ಮಾರ್ಷಲ್ ಲಾ ಆಡಳಿತಗಾರನೆಂಬ ಹಳೆಯ ಬಿರುದನ್ನು ಬಿಟ್ಟು ಕಂಪನಿಯೊಂದರ ಮುಖ್ಯಸ್ಥನಂತೆ ‘ಚೀಫ್ ಎಕ್ಸಿಕ್ಯುಟಿವ್’ ಎನಿಸಿಕೊಂಡರು. ಆ ಬಿರುದು ವರದಿಗಳೊಳಕ್ಕೆ ಹಾಗೆಯೇ ಬಂದು ಸೇರಿತು.

ಕನ್ನಡದ ಸುದ್ದಿಮನೆಯಲ್ಲಿ

ಕನ್ನಡ ಪತ್ರಿಕೆಗಳು ಟೆಹರಾನಿನಲ್ಲಾಗಲಿ ಕಾರಕಾಸಿನಲ್ಲಾಗಲಿ ತಮ್ಮದೇ ಬಾತ್ಮೀದಾರರನ್ನು ಇರಿಸಿಕೊಂಡ ಪರಂಪರೆಯಿಲ್ಲ. ಅವುಗಳ ಸಂಪನ್ಮೂಲವನ್ನು ಗಮನಿಸಿದರೆ ಅದು ಆಕ್ಷೇಪಣೀಯವೂ ಅಲ್ಲ. ರಾಯಿಟರ್ಸ್ ನಿಯಂತ್ರಣದಲ್ಲಿದ್ದ ಸುದ್ದಿಜಾಲವನ್ನು ವಹಿಸಿಕೊಂಡು 1949ರಲ್ಲಿ ಕೆಲಸ ಆರಂಭಿಸಿದ ಪಿ.ಟಿ.ಐ., 1961ರಲ್ಲಿ ಬಂದ ಯು.ಎನ್.ಐ.ಗಳ ಟೆಲಿಪ್ರಿಂಟರುಗಳು ದಶಕಗಳ ಕಾಲ ಇಂಗ್ಲಿಷಿನಲ್ಲಿ ಹೊರಗೆಡಹಿದ ವಿದೇಶಿ ಸುದ್ದಿಯನ್ನು ರಾತ್ರಿಪಾಳಿಯ ಉಪಸಂಪಾದಕರು ಕನ್ನಡಿಸುತ್ತಿದ್ದರು. ವಿದೇಶಿ ವಿದ್ಯಮಾನಗಳಿಗೆ ಮೂಲ ಬಹುತೇಕ ಲಂಡನ್, ಪ್ಯಾರಿಸ್, ನ್ಯೂಯಾರ್ಕ್ ಕೇಂದ್ರಿತ ಸಂಸ್ಥೆಗಳು. ಈ ಅಸಮತೋಲನಕ್ಕೆ ಪರಿಹಾರವೆಂದು 1975ರಲ್ಲಿ ಯುಗೋಸ್ಲಾವಿಯದ ತಾಂಯುಗ್ ಸಂಸ್ಥೆಯ ಮುಂದಾಳತ್ವದಲ್ಲಿ ಆರಂಭವಾಗಿ, 1976ರ ದೆಹಲಿ ಸಮ್ಮೇಳನದಲ್ಲಿ ವಿಧ್ಯುಕ್ತ ರೂಪ ಪಡೆದ ಅಲಿಪ್ತ ರಾಷ್ಟ್ರಗಳ ಸುದ್ದಿಸಂಚಯವು ಬಂದಿತು. 1980ರ ಮ್ಯಾಕ್‌ಬ್ರೈಡ್ ಆಯೋಗದ ವರದಿಯೂ ಇದೇ ಅಸಮತೋಲನವನ್ನು ಎತ್ತಿ ತೋರಿಸಿತು, ಭಾರತದ ಬಿ. ಜಿ. ವರ್ಗೀಸ್ ಅದರ ಸದಸ್ಯರಾಗಿದ್ದರು. ಉದ್ದೇಶ ಒಳ್ಳೆಯದಿದ್ದರೂ ಸುದ್ದಿಸಂಚಯ ಕ್ಷಿಪ್ರಕ್ರಾಂತಿಗಳ ವಿಷಯದಲ್ಲಿ ಪರಿಹಾರವಾಗಲಾರದಿತ್ತು. ಅದರ ಸದಸ್ಯ ಸಂಸ್ಥೆಗಳಲ್ಲಿ ಹೆಚ್ಚಿನವು ಆಯಾ ಸರ್ಕಾರಗಳವು. ಬೆಳಗಾಗುವುದರೊಳಗೆ ಸರ್ಕಾರ ಬದಲಾದರೆ ಸುದ್ದಿಸಂಸ್ಥೆಯ ಒಡೆಯನೂ ಬದಲಾದಂತೆಯೇ.

1975ರ ಆಗಸ್ಟ್ 15ರಂದು ಢಾಕಾದಲ್ಲಿ ಶೇಖ್ ಮುಜಿಬುರ್ ರಹಮಾನ್ ಕುಟುಂಬಸಮೇತ ಹತ್ಯೆಯಾದಾಗ ಭಾರತದಲ್ಲಿ ತುರ್ತುಪರಿಸ್ಥಿತಿ ಜಾರಿಯಲ್ಲಿತ್ತು. ಜೂನ್ ಕೊನೆಯಿಂದಲೇ ಪತ್ರಿಕೆಗಳು ಸೆನ್ಸಾರಿಗೆ ಒಳಪಟ್ಟಿದ್ದವು. ನೆರೆಯ ದೇಶದ ಅತ್ಯಂತ ಗಂಭೀರ ಸೇನಾ ಹತ್ಯಾಕಾಂಡವನ್ನು ಭಾರತದ ಓದುಗರು ಅಧಿಕಾರಿಯ ಕೈದಾಟಿ ಬಂದ ಸಾಲುಗಳಲ್ಲಿ ಓದಬೇಕಾಯಿತು. ಮರುವರ್ಷದ ಫೆಬ್ರುವರಿಯಲ್ಲಿ ನಾಲ್ಕು ಸುದ್ದಿಸಂಸ್ಥೆಗಳು ‘ಸಮಾಚಾರ್’ ಎಂಬ ಒಂದೇ ಸಂಸ್ಥೆಯಾದವು. ಅವು ಮತ್ತೆ ಬೇರ್ಪಟ್ಟದ್ದು 1978ರಲ್ಲಿ. ಆ ಅವಧಿಯ ಕನ್ನಡ ಪತ್ರಿಕೆಗಳ ಸಂಪುಟಗಳನ್ನು ಆಕರವಾಗಿ ಬಳಸುವವರು ವಿದೇಶಿ ಸುದ್ದಿಗೂ ಸ್ವದೇಶಿ ನಿರ್ಬಂಧವಿತ್ತೆಂಬುದನ್ನು ಮರೆಯುವಂತಿಲ್ಲ.

ಇವೆಲ್ಲ ಹೊರಗಿನ ಒತ್ತಡಗಳು. ಭಾಷೆಯೊಳಗಿನ ಒತ್ತಡವೂ ಒಂದಿದೆ. ಹಿಂದಿಯ ‘ತಖ್ತಾಪಲಟ್’ ಸಿಂಹಾಸನ ಮಗುಚಿದ್ದನ್ನು ಮಾತ್ರ ಹೇಳುತ್ತದೆ. ಕನ್ನಡದಲ್ಲಿ ಬೇರೂರಿರುವ ‘ಕ್ಷಿಪ್ರಕ್ರಾಂತಿ’ ಎಂಬ ಪದ ಸೇನಾನಿಯ ಕೃತ್ಯಕ್ಕೆ ಕ್ರಾಂತಿಯ ಪಟ್ಟ ಕಟ್ಟುತ್ತದೆ. ಕನ್ನಡ ಓದುಗನಿಗೆ ಕ್ರಾಂತಿ ಎಂದೊಡನೆ ನೆನಪಾಗುವುದು ಹನ್ನೆರಡನೆಯ ಶತಮಾನದ ಕಲ್ಯಾಣ ಕ್ರಾಂತಿ, ಆಮೇಲೆ ಹಸಿರು ಕ್ರಾಂತಿ, ಜಯಪ್ರಕಾಶರ ಸಂಪೂರ್ಣ ಕ್ರಾಂತಿ. ಬದಲಾವಣೆ ಕೆಳಗಿನಿಂದ ಬಂದದ್ದು, ಒಳಿತಿಗಾಗಿ ಬಂದದ್ದು ಎಂಬ ಧ್ವನಿ ಆ ಪದಕ್ಕಿದೆ. ಅದಕ್ಕೆ ‘ಕ್ಷಿಪ್ರ’ವನ್ನು ಸೇರಿಸಿದಾಗ ಉಳಿಯುವುದು ಒಳ್ಳೆಯ ಕೆಲಸವೊಂದು ಬೇಗ ಮುಗಿಯಿತೆಂಬ ಭಾವ. ಪರ್ಯಾಯವಾಗಿ ಬಳಕೆಯಲ್ಲಿರುವ ‘ಸೇನಾ ದಂಗೆ’ ಮೇಲಧಿಕಾರಿಗಳ ವಿರುದ್ಧ ಸಿಪಾಯಿಗಳು ತಿರುಗಿಬಿದ್ದ ಚಿತ್ರ ಕೊಡುತ್ತದೆ. ಸೇನಾಪತಿಯೇ ಆಜ್ಞೆ ಹೊರಡಿಸಿದ ಕಡೆ ಅದು ಹೊಂದುವುದಿಲ್ಲ. ‘ಸಿಪಾಯಿ ದಂಗೆ’ಯೋ ‘ಪ್ರಥಮ ಸ್ವಾತಂತ್ರ್ಯ ಸಂಗ್ರಾಮ’ವೋ ಎಂದು 1857ನ್ನು ಕುರಿತು ನಡೆದ ದೀರ್ಘ ವಾಗ್ವಾದವನ್ನು ಬಲ್ಲ ಕನ್ನಡಿಗರಿಗೆ ಈ ಪದದ ಭಾರ ಹೊಸದಲ್ಲ. ‘ಅಧಿಕಾರಾಪಹರಣ’ ನಿಖರವಾದುದು, ಆದರೆ ತೀರ್ಪನ್ನು ಮೊದಲೇ ಕೊಟ್ಟುಬಿಡುತ್ತದೆ, ತಲೆಬರಹದ ಅಂಕಣಕ್ಕೂ ಉದ್ದವಾಗುತ್ತದೆ. ‘ಸೇನೆಯಿಂದ ಅಧಿಕಾರ ವಶ’ ಎಂಬ ಸಾದಾ ಮಾತು ಇವೆಲ್ಲಕ್ಕಿಂತ ಮೇಲೆಂದು ತೋರುತ್ತದೆ. ಅದು ಕರ್ತೃವನ್ನು ಹೆಸರಿಸುತ್ತದೆ, ಕ್ರಿಯೆಯನ್ನು ಹೆಸರಿಸುತ್ತದೆ, ಹೊಗಳುವುದೂ ಇಲ್ಲ.

ಕರ್ತೃವನ್ನು ಹೆಸರಿಸುವ ಪ್ರಶ್ನೆ ವ್ಯಾಕರಣದ್ದೂ ಹೌದು. ಇಂಗ್ಲಿಷಿನ ಪ್ರಭಾವದಿಂದ ಪತ್ರಿಕಾ ಕನ್ನಡದಲ್ಲಿ ನೆಲೆಯೂರಿದ ‘ಪದಚ್ಯುತಗೊಳಿಸಲಾಗಿದೆ’, ‘ಬಂಧಿಸಲಾಗಿದೆ’, ‘ಕರ್ಫ್ಯೂ ವಿಧಿಸಲಾಗಿದೆ’ ಎಂಬ ಪ್ರಯೋಗಗಳಲ್ಲಿ ಮಾಡಿದವರು ಯಾರೆಂಬುದು ಕಾಣೆಯಾಗುತ್ತದೆ. ಬಂದೂಕು ಹಿಡಿದವರಿಗೆ ಇದಕ್ಕಿಂತ ಅನುಕೂಲವಾದ ಕ್ರಿಯಾಪದವಿಲ್ಲ. ಆಡುಗನ್ನಡ ಹೀಗೆ ಮಾತನಾಡುವುದಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸಲು ಅದಕ್ಕೆ ‘ಅಂತೆ’ ಇದೆ: ಅಧ್ಯಕ್ಷರು ರಾಜೀನಾಮೆ ಕೊಟ್ಟರಂತೆ. ಗ್ರಾಂಥಿಕ ಗದ್ಯಕ್ಕೆ ‘ಎಂದು’ ಇದೆ: ಅಧ್ಯಕ್ಷರು ರಾಜೀನಾಮೆ ನೀಡಿದ್ದಾರೆಂದು ಸೇನೆ ಹೇಳಿದೆ. ಮೂಲ ವರದಿಯಲ್ಲಿ ಇಂಥ ಆರೋಪಣೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಭಾಷಾಂತರದ ಎರಡನೆಯ ಪ್ಯಾರಾದವರೆಗೂ ಅದು ಉಳಿಯುವುದುಂಟು. ಮೂರು ಅಂಕಣದ ತಲೆಬರಹಕ್ಕೆ ಬರುವಾಗ ಜಾಗವಿಲ್ಲವೆಂದು ಮೊದಲು ಬಿಟ್ಟುಹೋಗುವ ಪದಗಳು ‘ಸೇನೆ’ ಮತ್ತು ‘ಎಂದು’. ಗ್ರಂಥಾಲಯದ ಸಂಪುಟಗಳಲ್ಲಿ ಹಳೆಯ ಪತ್ರಿಕೆಯ ಪುಟ ತಿರುವುವ ಸಂಶೋಧಕನ ಕಣ್ಣಿಗೆ ಮೊದಲು ಬೀಳುವುದು ಆ ತಲೆಬರಹ. ಅದರಲ್ಲಿ ಉಳಿದಿರುವುದು ‘ಅಧ್ಯಕ್ಷರ ರಾಜೀನಾಮೆ’ ಎಂಬ ಎರಡೇ ಪದಗಳು.